ಇನಾಮದಾರರ ಶಿಷ್ಯೆ

ಜಮಖಂಡಿಯ ಕೋರ್ಟ್ ರಸ್ತೆಯಲ್ಲಿ ಕಟ್ಟಿದ್ದ ಬ್ಯಾನರಿನಲ್ಲಿ ನ್ಯಾಯಾಧೀಶೆಯ ಮುಖಕ್ಕಿಂತ ಇನಾಮದಾರನ ಮುಖ ದೊಡ್ಡದಾಗಿತ್ತು. ಸನ್ಮಾನ ಅವಳದು. ಪ್ರಧಾನ ಜಿಲ್ಲಾ ಮತ್ತು ಸೆಷನ್ಸ್ ನ್ಯಾಯಾಧೀಶೆ ನೇತ್ರಾ ಮಾದರ. ಆ ಹೆಸರಿನ ಕೆಳಗೆ ದಪ್ಪ ಅಕ್ಷರದಲ್ಲಿ 'ಹಿರಿಯ ವಕೀಲರಾದ ಬಾಳಾಸಾಹೇಬ ಇನಾಮದಾರರ ಹೆಮ್ಮೆಯ ಶಿಷ್ಯೆ' ಎಂದು ಬರೆಸಿದ್ದರು. ಓದಿ ರಸ್ತೆಯಲ್ಲೇ ಉಗುಳಿದೆ. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲ.

ನಾನು ಪರಮೇಶ. ತುಬಚಿ ಕಡೆಯ ಕುರುಬರವನು. ನಮ್ಮಪ್ಪ ಕುರಿ ಕಾಯ್ದು ನನ್ನನ್ನು ವಕೀಲನನ್ನಾಗಿ ಮಾಡಿದ. ಕೋರ್ಟಿನ ಅಂಗಳದಲ್ಲಿ ಬೇವಿನ ಮರದ ಕೆಳಗೆ ನನ್ನ ಮೇಜು. ನೇತ್ರಾ ಮತ್ತು ನಾನು ಒಂದೇ ವರ್ಷ ಕರಿ ಕೋಟು ಹಾಕಿದವರು. ಅದಕ್ಕೇ ಇರಬೇಕು, ಇನಾಮದಾರ ನನಗೆ ಹೇಳಿ ಕಳಿಸಿದ.

ಹೋದೆ. ಸನ್ಮಾನಕ್ಕೆ ಒಂದು ಅಭಿನಂದನಾ ಸಮಿತಿ ಮಾಡಿಕೊಂಡಿದ್ದರು. ಅವನ ಹಿಂದೆ ಮುಂದೆ ತಿರುಗುವ ನಾಲ್ಕಾರು ವಕೀಲರೇ ಆ ಸಮಿತಿ. ಅವರ ನಡುವೆ ಕುಳಿತು ನನಗೆ ಅಪ್ಪಣೆ ಕೊಟ್ಟ. ನ್ಯಾಯಾಧೀಶೆಯ ಪರಿಚಯ ಭಾಷಣ ನಾನು ಮಾಡಬೇಕು. ಓದಿದ್ದೆಲ್ಲಿ, ಮೇಲೆ ಬಂದದ್ದು ಹೇಗೆ, ಎಲ್ಲ ಚಂದವಾಗಿ ಹೇಳಬೇಕು.

"ಬಡತನದಾಗ ಹುಟ್ಟಿದ್ಳು ಅನ್ನು. ಗುರುಗಳ ಮನ್ಯಾಗ ಮಗಳ ಹಂಗ ಬೆಳದಳು ಅನ್ನು," ಎಂದ. "ಜಾತಿ ಗೀತಿ ನಡುವ ತರಬ್ಯಾಡ. ಕೇಳಿದವ್ರಿಗೆ ಬ್ಯಾಸರ ಆಗಬಾರದು."

ಬೇಸರವಾಗುವುದು ಅವನಂಥವರಿಗೆ. ಜಾತಿ ಮಾಡುವಾಗ ಆಗದ ಬೇಸರ ಜಾತಿಯ ಮಾತು ಕೇಳುವಾಗ ಆಗುತ್ತದೆ.

ಮೇಜಿಗೆ ಬಂದು ಬರೆಯಲು ಕುಳಿತೆ. ಬರೆದದ್ದರಲ್ಲಿ ಒಂದು ಸಾಲೂ ಅವನಿಗೆ ಬೇಕಾದಂತೆ ಬರಲಿಲ್ಲ.

ನೇತ್ರಾಳ ಊರು ಲೋಕಾಪುರದಿಂದ ಒಳಗೆ ಹೋದರೆ ಸಿಗುತ್ತದೆ. ಊರಿನ ಹೊರಗೆ ಮಾದರ ಓಣಿ. ತಾಯಿ ಮಾದೇವಿ ಗೌಡರ ದನದ ಕೊಟ್ಟಿಗೆ ಬಳಿಯುತ್ತಿದ್ದಳು. ಸಕ್ಕರೆ ಕಾರ್ಖಾನೆ ಶುರುವಾದರೆ ಕಬ್ಬು ಕಡಿಯುತ್ತಿದ್ದಳು. ಕಬ್ಬಿನ ಗರಿ ಅವಳ ಮುಂಗೈ ತುಂಬ ಗೀರು ಎಳೆದಿತ್ತು. ಹಳೆಯ ಗೀರು ಮಾಯುವ ಮೊದಲೇ ಮೇಲೆ ಹೊಸದು. ಗಂಡ ಕಬ್ಬಿನ ಟ್ರಾಲಿ ಮಗುಚಿ ಸತ್ತಿದ್ದ. ಅವನ ಹೆಣವನ್ನು ಕಬ್ಬಿನ ಅಡಿಯಿಂದ ತೆಗೆಯುವ ಮೊದಲು ಕಬ್ಬನ್ನು ಇನ್ನೊಂದು ಟ್ರಾಲಿಗೆ ಏರಿಸಿದ್ದರು. ಕಬ್ಬು ಒಣಗಿದರೆ ತೂಕ ಕಡಿಮೆ ಬೀಳುತ್ತದೆ.

ಸಾಲಿಯಲ್ಲಿ ನೇತ್ರಾಳ ಜಾಗ ಬಾಗಿಲ ಬಳಿ, ಚಪ್ಪಲಿಗಳ ಪಕ್ಕ. ಮಾಸ್ತರ ಅವಳ ಪಾಟಿ ಮುಟ್ಟುತ್ತಿರಲಿಲ್ಲ. ದೂರ ನಿಂತು ನೋಡಿ ಸರಿ ತಪ್ಪು ಹೇಳುತ್ತಿದ್ದ. ಲೆಕ್ಕ ತಪ್ಪಿದರೆ ಮಾತ್ರ ಅವಳನ್ನು ಮುಟ್ಟುತ್ತಿದ್ದ, ಕೋಲಿನಿಂದ. ಶನಿವಾರ ಸಾಲಿಯ ಪಾಯಖಾನೆ ತೊಳೆಯುವವಳು ಅವಳೇ. ಸರಸ್ವತಿ ಪೂಜೆಯ ದಿನ ಹೊರಗೆ ನಿಲ್ಲುವವಳೂ ಅವಳೇ. ಬಾಗಿಲ ಬಳಿ ಕುಳಿತೇ ಅವಳು ಹತ್ತನೆಯ ಇಯತ್ತೆ ಪಾಸಾದಳು. ಊರಿನಲ್ಲಿ ಅವಳಿಗಿಂತ ಹೆಚ್ಚು ಅಂಕ ಯಾರಿಗೂ ಬಂದಿರಲಿಲ್ಲ. ಕಾಪಿ ಹೊಡೆದಿರಬೇಕು ಎಂದರು. ಚಪ್ಪಲಿ ನೋಡಿ ಏನನ್ನು ಕಾಪಿ ಹೊಡೆಯಬೇಕೋ ಅವರೇ ಹೇಳಬೇಕು.

ಆಮೇಲೆ ಮುಧೋಳದಲ್ಲಿ ಹಾಸ್ಟೆಲ್. ಅಲ್ಲಿಗೆ ಬರಬೇಕಾದ ಬೇಳೆ ವಾರ್ಡನ್ನನ ಮನೆಗೆ ಹೋಗುತ್ತಿತ್ತು. ಹುಡುಗಿಯರಿಗೆ ಬೇಳೆ ಬೇಯಿಸಿದ ನೀರು. ಬೇಸಿಗೆ ರಜೆಯಲ್ಲಿ ಬನಹಟ್ಟಿಯ ಅತ್ತೆಯ ಮನೆಗೆ ಹೋಗಿ ಮಗ್ಗದವರ ಬಳಿ ಕಂಡಿಕೆ ಸುತ್ತುತ್ತಿದ್ದಳು. ನೂಲು ಬೆರಳ ತುದಿಯ ಚರ್ಮ ಸುಲಿಯುತ್ತಿತ್ತು. ಜೂನಿನಲ್ಲಿ ಕಾಲೇಜಿಗೆ ಬಂದಾಗ ಪೆನ್ನು ಹಿಡಿಯಲು ಬರುತ್ತಿರಲಿಲ್ಲ. ಬಿ.ಎ. ಮುಗಿಸಿ ವಿಜಯಪುರಕ್ಕೆ ಹೋಗಿ ಕಾನೂನು ಓದಿದಳು. ವಕೀಲಿಯ ಸನ್ನದು ತೆಗೆದುಕೊಂಡು ಜಮಖಂಡಿಗೆ ಬಂದಳು.

ಹಿರಿಯ ವಕೀಲರ ಮನೆ ಮನೆ ತಿರುಗಿದಳು. ಹೆಸರು ಕೇಳುತ್ತಿದ್ದರು. ನೇತ್ರಾ ಎಂದರೆ ನಗುತ್ತಿದ್ದರು. ಅಡ್ಡಹೆಸರು ಕೇಳುತ್ತಿದ್ದರು. ಮಾದರ ಎಂದರೆ ಜಾಗ ಇಲ್ಲ ಎನ್ನುತ್ತಿದ್ದರು. ಅವಳಂಥವರನ್ನು ಹಿರಿಯರ ಬಳಿ ತರಬೇತಿಗೆ ಕಳಿಸುವ ಸರಕಾರದ ಯೋಜನೆ ಒಂದಿತ್ತು. ಇನಾಮದಾರನಿಗೆ ಆಗ ಸರಕಾರಿ ವಕೀಲನಾಗುವ ಆಸೆ. ಅಧಿಕಾರಿಗಳ ಕಣ್ಣಿಗೆ ದೊಡ್ಡ ಮನಸ್ಸಿನವನಾಗಿ ಕಾಣಬೇಕಿತ್ತು. ಅದಕ್ಕೆ ಅವಳನ್ನು ಜೂನಿಯರಾಗಿ ಇಟ್ಟುಕೊಂಡ. ಕಚೇರಿಯ ಒಳಗಲ್ಲ, ಪಡಸಾಲೆಯ ಕಟ್ಟೆಯ ಮೇಲೆ.

ಮುಂಜಾನೆ ಅಂಗಳ ಗುಡಿಸಬೇಕು. ಆಮೇಲೆ ಕಟ್ಟೆಯ ಮೇಲೆ ಕುಳಿತು ಅವನ ಅರ್ಜಿಗಳನ್ನು ಬರೆಯಬೇಕು. ಕೋರ್ಟಿನ ಹೊತ್ತಿಗೆ ಅವನು ಕಾರಿನಲ್ಲಿ ಹೋಗುತ್ತಿದ್ದ. ಉಳಿದ ಜೂನಿಯರುಗಳು ಮೋಟರ್‌ಸೈಕಲ್ ಮೇಲೆ. ಕೇಸಿನ ಕಾಗದಗಳ ಗಂಟು ತಲೆಯ ಮೇಲೆ ಹೊತ್ತು ಇವಳು ನಡೆದು ಬರುತ್ತಿದ್ದಳು. ಕರಿ ಕೋಟಿನ ಬೆನ್ನಿನಲ್ಲಿ ಬೆವರು ಉಪ್ಪಾಗಿ ಬಿಳಿ ಗೆರೆ ಮೂಡುತ್ತಿತ್ತು. ಜಮಖಂಡಿಯ ಬಿಸಿಲು ಕಂಡವರಿಗೆ ಅದನ್ನು ಹೆಚ್ಚು ವಿವರಿಸಬೇಕಿಲ್ಲ. ಕೋರ್ಟಿನಲ್ಲಿ ಅವಳಿಗೆ ಒಂದು ದಿನವೂ ಬಾಯಿ ಬಿಡಲು ಕೊಡಲಿಲ್ಲ. ಅವಳು ಬರೆದದ್ದನ್ನು ಅವನು ಓದುತ್ತಿದ್ದ. ನ್ಯಾಯಾಧೀಶರು ಮೆಚ್ಚಿದರೆ ಕೋಟು ಸರಿಪಡಿಸಿಕೊಳ್ಳುತ್ತಿದ್ದ.

ಒಂದು ದಿನ ಅವನ ಹಿತ್ತಲಲ್ಲಿ ಎಮ್ಮೆಯ ಕರು ಸತ್ತಿತ್ತು. ಹೊಟ್ಟೆ ಉಬ್ಬಿ ನೊಣ ಮುತ್ತಿದ್ದವು. ಮನೆಯ ಆಳು ರಜೆ. ನೇತ್ರಾ ಕಾಗದದ ಗಂಟು ಕಟ್ಟಿಕೊಂಡು ಕೋರ್ಟಿಗೆ ಹೊರಟಿದ್ದಳು, ಕೋಟು ಹಾಕಿ, ಕೊರಳಿಗೆ ಬಿಳಿ ಪಟ್ಟಿ ಕಟ್ಟಿ. ಇನಾಮದಾರ ಒಂದು ಹಗ್ಗ ತಂದು ಅವಳ ಕಾಲ ಬಳಿ ಒಗೆದ. ಎಳೆದು ಊರಾಚೆ ಹಾಕಿ ಬಾ ಎಂದ. ಅವಳು ಹಗ್ಗ ಮುಟ್ಟಲಿಲ್ಲ. ನಿಮ್ಮ ಮಂದಿಯ ಕೆಲಸ, ನಿನಗೆ ಹೇಳಿಕೊಡಬೇಕೇನು ಎಂದ. ಉಳಿದ ಜೂನಿಯರುಗಳು ಮೋಟರ್‌ಸೈಕಲ್ ಒರೆಸುತ್ತ ನಿಂತಿದ್ದರು. ಒಬ್ಬ ನಕ್ಕ.

"ಸರ, ಕರ ನಿಮ್ದು," ಎಂದಳು ನೇತ್ರಾ. "ನಾ ಇಲ್ಲಿಗೆ ವಕೀಲಿ ಕಲಿಯಾಕ ಬಂದೇನಿ."

ತಲೆಯ ಮೇಲಿನ ಗಂಟನ್ನು ಇಳಿಸಿ ಆ ಕರುವಿನ ಪಕ್ಕದಲ್ಲೇ ಇಟ್ಟಳು. ಹೊರಟಳು. ಈ ತಾಲೂಕಿನಲ್ಲಿ ಕೋರ್ಟಿನ ಮೆಟ್ಟಿಲು ಹೇಗೆ ಹತ್ತುತ್ತೀ ನೋಡುತ್ತೇನೆ ಎಂದು ಅವನು ಹಿಂದಿನಿಂದ ಕೂಗಿದ. ಅವಳು ನೇರ ಕೋರ್ಟಿಗೆ ಬಂದು ನನ್ನ ಮೇಜಿನ ಮುಂದೆ ನಿಂತಳು. ನನ್ನ ಮೇಜು ಸಣ್ಣದು. ಅರ್ಧ ಅವಳಿಗೆ ಬಿಟ್ಟೆ.

ಇನಾಮದಾರ ಹೇಳಿದಂತೆ ಮಾಡಿದ. ಅವಳ ಬಳಿ ಬಂದ ಕಕ್ಷಿದಾರರನ್ನು ಅವನ ಕಡೆಯವರು ಹೊರಳಿಸಿಕೊಂಡು ಹೋದರು. ಆಕೆ ಮುಟ್ಟಿದರೆ ಕೇಸು ಕೆಡುತ್ತದೆ ಎಂದು ಹಬ್ಬಿಸಿದರು. ಅವಳು ಬಸ್ಸು ಹಿಡಿದು ಬೀಳಗಿಗೆ ಹೋದಳು. ಅಲ್ಲಿ ಅವನ ಕೈ ಅಷ್ಟು ಉದ್ದ ಇರಲಿಲ್ಲ. ಮರಳು ಹೊರುವವರು, ಕುರಿ ಕಳೆದುಕೊಂಡವರು, ಗಂಡನ ಏಟು ತಿಂದು ಬಂದವರು ಅವಳ ಕಕ್ಷಿದಾರರು. ಊಟಕ್ಕೆ ರೊಟ್ಟಿ, ಸೇಂಗಾ ಹಿಂಡಿ ಕಟ್ಟಿಕೊಂಡು ಹೋಗುತ್ತಿದ್ದಳು. ಸಂಜೆ ಬಂದು ನನ್ನ ಮೇಜಿನ ಅರ್ಧದಲ್ಲಿ ಪರೀಕ್ಷೆಗೆ ಓದುತ್ತಿದ್ದಳು.

ಸಿವಿಲ್ ನ್ಯಾಯಾಧೀಶರ ಪರೀಕ್ಷೆ ಪಾಸಾದಳು. ಸಂದರ್ಶನದಲ್ಲಿ ತಾಯಿ ಏನು ಮಾಡುತ್ತಾರೆ ಎಂದು ಕೇಳಿದರಂತೆ. ಕಬ್ಬು ಕಡಿಯುತ್ತಾರೆ ಎಂದಳಂತೆ. ಅಯ್ಯೋ ಪಾಪ ಎಂಬಂತೆ ಮುಖ ಮಾಡಿದರಂತೆ. ಅವರ ಪಾಪ ಕಟ್ಟಿಕೊಂಡು ನಾನೇನು ಮಾಡಲಿ ಎಂದು ಆಮೇಲೆ ನನ್ನೆದುರು ನಕ್ಕಳು.

ಮೊದಲ ಊರಿನಲ್ಲಿ ನ್ಯಾಯಾಧೀಶೆಗೆ ಬಾಡಿಗೆ ಮನೆ ಸಿಗಲಿಲ್ಲ. ಹಗಲು ಕೋರ್ಟಿನಲ್ಲಿ ಕೈ ಮುಗಿದವರೇ ಸಂಜೆ ಮನೆ ಖಾಲಿ ಇಲ್ಲ ಎಂದರು. ಅವಳು ರಜೆ ಹಾಕಿದ ದಿನ ಬೇರೆ ನ್ಯಾಯಾಧೀಶರು ಬಂದರೆ, ಒಬ್ಬ ಗುಮಾಸ್ತ ಅವಳ ಕುರ್ಚಿಯನ್ನು ಹಸಿ ಬಟ್ಟೆಯಿಂದ ಒರೆಸುತ್ತಿದ್ದ. ಗೊತ್ತಾದಾಗ ಅವಳು ಅವನನ್ನು ಕರೆದಳು. ಬೈಯಲಿಲ್ಲ. "ನಾಳಿಂದ ನಾ ಕುಂದರೂಕಿಂತ ಮೊದ್ಲ ದಿನಾ ಒರಸ್ರಿ," ಎಂದಳು. "ನನಗಿಂತ ಮುಂಚೆ ಎಂಥೆಂಥವ್ರು ಕುಂತು ಹೋಗ್ಯಾರೋ ಏನೋ."

ಹಿರಿಯ ಸಿವಿಲ್ ನ್ಯಾಯಾಧೀಶೆಯಾದಳು. ಆಮೇಲೆ ಮುಖ್ಯ ನ್ಯಾಯಿಕ ದಂಡಾಧಿಕಾರಿ. ಆಮೇಲೆ ಜಿಲ್ಲಾ ನ್ಯಾಯಾಧೀಶೆ. ಪ್ರತಿ ಬಡ್ತಿಯ ಸುದ್ದಿ ಬಂದಾಗಲೂ ಜಮಖಂಡಿಯಲ್ಲಿ ಇನಾಮದಾರನ ಗುಂಪು ಕೋಟಾ ಕೋಟಾ ಎಂದು ಕೂಗಿ ಚಹಾ ಕುಡಿಯುತ್ತಿತ್ತು. ಇನಾಮದಾರ ಸರಕಾರಿ ವಕೀಲನಾದದ್ದು ಅವನ ಸೋದರಮಾವನ ಶಿಫಾರಸು ಚೀಟಿಯಿಂದ. ಅದು ಕೋಟಾ ಅಲ್ಲ. ಅದು ಮನೆತನ.

ಇಂಥವನಿಗೆ ಈಗ ಅವಳು ಶಿಷ್ಯೆಯಾಗಿದ್ದಳು. ಯಾಕೆ ಎಂದು ನನಗೆ ತಿಳಿದದ್ದು ಸನ್ಮಾನದ ದಿನವೇ.

ಅವನ ಅಳಿಯ ಆಚೆ ಜಿಲ್ಲೆಯೊಂದರಲ್ಲಿ ಹತ್ತಿ ಗಿರಣಿಯ ಮಾಲೀಕ. ಅಲ್ಲಿ ಹತ್ತಿಯ ಚೀಲ ಹೊರುತ್ತಿದ್ದ ಕೆಂಪವ್ವ ಎಂಬ ಹೆಂಗಸು ಒಂದು ಮಧ್ಯಾಹ್ನ ಮಾಲೀಕರ ಮನೆಯ ಕಟ್ಟೆಯ ಮೇಲಿದ್ದ ಕೊಡದಿಂದ ನೀರು ಕುಡಿದಳು. ಕೆಲಸದವರ ನಳದಲ್ಲಿ ಅವತ್ತು ನೀರು ಬಂದಿರಲಿಲ್ಲ. ಮಾಲೀಕ ಕಬ್ಬಿಣದ ಹಾರೆ ತೆಗೆದುಕೊಂಡು ಅವಳ ಬಲಗೈ ಮುರಿದ. ಜಾತಿ ಎತ್ತಿ ಬೈದ. ಕೇಸಾಯಿತು. ಅವಳು ರಾಜಿಗೆ ಬರಲಿಲ್ಲ. ಆ ಜಿಲ್ಲೆಯ ಸೆಷನ್ಸ್ ಕೋರ್ಟಿಗೆ ಈಚೆಗೆ ವರ್ಗವಾಗಿ ಬಂದವಳು ನೇತ್ರಾ. ಆರೋಪಿ ಇನಾಮದಾರನ ಅಳಿಯ ಎಂದು ಅವಳಿಗೆ ಗೊತ್ತಿರಲಿಲ್ಲ. ಅಡ್ಡಹೆಸರು ಬೇರೆ, ಊರು ಬೇರೆ. ಮೊದಲು ಸನ್ಮಾನ ಬೇಡವೆಂದಿದ್ದಳಂತೆ. ಮುಧೋಳದ ಹಾಸ್ಟೆಲಿನ ಹುಡುಗಿಯರನ್ನು ಕರೆಸುತ್ತೇವೆ, ಅವರೊಡನೆ ಮಾತಾಡಿ ಎಂದು ಸಮಿತಿಯವರು ಒಪ್ಪಿಸಿದ್ದರು.

ಸನ್ಮಾನದ ಮುಂಜಾನೆ ಇನಾಮದಾರ ತನ್ನ ಕಾರು ಕೊಟ್ಟು ನನ್ನನ್ನು ನೇತ್ರಾಳ ಊರಿಗೆ ಕಳಿಸಿದ. ತಾಯಿಯನ್ನು ಕರೆದು ತರಬೇಕು. ಮಾದೇವಿ ಕಿರಿಯ ಮಗಳು ಶೈಲಾಳ ಸಂಸಾರದ ಜೊತೆ ಅದೇ ಓಣಿಯಲ್ಲಿ ಇದ್ದಾಳೆ. ಒಗೆದ ಇಳಕಲ್ ಸೀರೆ ಉಟ್ಟು ಕಾದಿದ್ದಳು. ಮಗಳು ಕಾರು ಕಳಿಸಿದ್ದಾಳೆ ಎಂದುಕೊಂಡಿದ್ದಳು. ಕಾರು ಯಾರದೆಂದು ದಾರಿಯಲ್ಲಿ ಹೇಳಿದೆ. ಅವಳು ಸೀಟಿನ ಅಂಚಿಗೆ ಸರಿದು ಕುಳಿತಳು. ಜಮಖಂಡಿ ಬರುವವರೆಗೂ ಒರಗಲಿಲ್ಲ.

ಕಾರು ಸಭೆಗೆ ಹೋಗಲಿಲ್ಲ. ಇನಾಮದಾರನ ಮನೆಗೆ ಹೋಯಿತು. ಅವನೇ ಬಾಗಿಲಿಗೆ ಬಂದ. ಪಡಸಾಲೆ ದಾಟಿಸಿ ಒಳಗೆ ಕರೆದುಕೊಂಡು ಹೋಗಿ ಮಾದೇವಿಯನ್ನು ಸೋಫಾದ ಮೇಲೆ ಕೂರಿಸಿದ. ಅವನ ಹೆಂಡತಿ ಬಸಿಯಲ್ಲಿ ಇಟ್ಟ ಕಪ್ಪಿನಲ್ಲಿ ಚಹಾ ತಂದಳು. ಮುಂದಿಡುವಾಗ ಮಾದೇವಿಗೆ ತಾಗದಂತೆ ಅವಳ ಬೆರಳು ಬಸಿಯ ಆ ತುದಿಯಲ್ಲಿತ್ತು. ಆಮೇಲೆ ಒಂದು ರೇಷ್ಮೆ ಸೀರೆಯನ್ನು ತಟ್ಟೆಯಲ್ಲಿಟ್ಟು ತಂದಳು. ಆ ಹೆಂಗಸಿಗೂ ನಾಚಿಕೆಯಾಗಿತ್ತು. ಅವನಿಗೆ ಆಗಿರಲಿಲ್ಲ.

ನಿನ್ನ ಮಗಳನ್ನು ತಯಾರು ಮಾಡಿದವನು ನಾನು ಎಂದು ಶುರು ಮಾಡಿದ. ಹಳೆಯದೆಲ್ಲ ಮರೆಯಬೇಕು ಎಂದ. ಮನೆಯೆಂದ ಮೇಲೆ ಒಂದು ಮಾತು ಬರುತ್ತದೆ ಹೋಗುತ್ತದೆ ಎಂದ. ಸುತ್ತಿ ಬಳಸಿ ಕೊನೆಗೆ ಅಳಿಯನ ಬಳಿಗೆ ಬಂದ.

"ಬಿಟ್ಟ ಬಿಡು ಅಂತ ಅನ್ನೂದಿಲ್ಲ. ಕಾಯ್ದೆ ಬಿಟ್ಟು ಏನೂ ಬ್ಯಾಡ," ಎಂದ. "ಆ ಕೇಸಿನಿಂದ ದೂರ ಸರೀ ಅಂತ ಮಗಳಿಗೆ ಒಂದ ಮಾತು ಹೇಳು. ಬ್ಯಾರೇದವ್ರು ನಡಸ್ತಾರ. ತಾಯಿ ಮಾತು ಯಾರೂ ತಗದ ಹಾಕೂದಿಲ್ಲ."

ಅದರ ಅರ್ಥ ನನಗೆ ತಿಳಿದಿತ್ತು. ನೇತ್ರಾ ಮಣಿದರೆ ಅಳಿಯ ಪಾರು. ಹಿಂದೆ ಸರಿದರೂ ಪಾರು. ಕೇಸು ಇನ್ನೊಂದು ಕೋರ್ಟಿಗೆ ಹೋಗುತ್ತದೆ, ದಿನಾಂಕದ ಮೇಲೆ ದಿನಾಂಕ ಬೀಳುತ್ತದೆ, ಮುರಿದ ಕೈ ಇಟ್ಟುಕೊಂಡು ಕೆಂಪವ್ವ ಎಷ್ಟು ಸಲ ಬಸ್ಸು ಹತ್ತುತ್ತಾಳೆ? ಅದಷ್ಟೇ ಅವನ ಕಾನೂನು ಜ್ಞಾನ.

ಮಾದೇವಿ ಚಹಾದ ಕಪ್ಪು ಮುಟ್ಟಿರಲಿಲ್ಲ. ಸೀರೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಎದ್ದು ನಿಂತಳು. ಕಬ್ಬು ಕಡಿದ ಬೆನ್ನು ಪೂರ್ತಿ ನೆಟ್ಟಗಾಗುವುದಿಲ್ಲ. ಆದಷ್ಟು ನೆಟ್ಟಗಾದಳು.

"ಸಾಹೇಬ್ರ, ನಿಮ್ಮ ಕರ ಸತ್ತಾಗ ನನ್ನ ಮಗಳಿಗೆ ಹಗ್ಗ ಕೊಟ್ಟಿದ್ರಿ," ಎಂದಳು. "ಈಗ ಅಳಿಯನ ಸಲುವಾಗಿ ನನ್ನ ಕರಿಸೀರಿ. ನಿಮ್ಮ ಮನ್ಯಾಗ ಏನ ನಾತ ಹೊಡದ್ರೂ ಎಳದ ಹಾಕಾಕ ನಾವ ಬರಬೇಕೇನ್ರಿ? ಇದನ್ನ ನೀವ ಎಳಕೊಳ್ರಿ."

ಮುದುಕಿ ಪಡಸಾಲೆ ದಾಟಿ ಇಳಿದಳು. ಕಾರು ಬೇಡವೆಂದಳು. ನಾವಿಬ್ಬರೂ ನಡೆದೇ ಸಭೆಯ ಕಲ್ಯಾಣ ಮಂಟಪಕ್ಕೆ ಹೋದೆವು. ದಾರಿಯಲ್ಲಿ ಒಂದು ಕಡೆ ನಿಂತು ನೀರು ಕೇಳಿದಳು. ಅಂಗಡಿಯಿಂದ ತಂದು ಕೊಟ್ಟೆ. ಕುಡಿದು ಬಾಯಿ ಒರೆಸಿಕೊಂಡು, ಕೈ ಮುರಿಸಿಕೊಂಡ ಆ ಹೆಂಗಸು ಯಾವ ಊರವಳು ಎಂದು ಕೇಳಿದಳು. ಹೇಳಿದೆ.

ನೇತ್ರಾಳ ಕಾರು ಬಂದಾಗ ಸಮಿತಿಯವರು ಹಾರ ಹಿಡಿದು ಮುತ್ತಿಕೊಂಡರು. ಅವರನ್ನು ದಾಟಿ ಅವಳು ತಾಯಿಯ ಬಳಿ ಬಂದಳು. ಮಾದೇವಿ ನಡೆದದ್ದನ್ನೆಲ್ಲ ಅಲ್ಲೇ, ಮೆಟ್ಟಿಲ ಬಳಿ, ತಗ್ಗಿದ ದನಿಯಲ್ಲಿ ಹೇಳಿದಳು. ಹೌದಾ ಎಂಬಂತೆ ನೇತ್ರಾ ನನ್ನ ಮುಖ ನೋಡಿದಳು. ಹೌದು ಎಂದೆ. ಅವಳ ಮುಖದಲ್ಲಿ ಸಿಟ್ಟು ಕಾಣಲಿಲ್ಲ. ಕಾಲಿಗೆ ಮೆತ್ತಿದ್ದನ್ನು ನೋಡುವಾಗ ಇರುತ್ತದಲ್ಲ, ಅಂಥ ಮುಖ.

ವೇದಿಕೆಯ ಮೇಲೆ ಹೋಗಿ ಕುಳಿತಳು. ಇನಾಮದಾರನೂ ಬಂದು ಕುಳಿತ. ಬೆವರಿದ್ದ, ಆದರೂ ನಗುತ್ತಿದ್ದ. ನಿರೂಪಕ ನನ್ನ ಹೆಸರು ಕರೆದ. ಮೈಕಿನ ಮುಂದೆ ನಿಂತೆ. ಬರೆದದ್ದನ್ನೇ ಓದಿದೆ. ಚಪ್ಪಲಿಯ ಪಕ್ಕದ ಜಾಗ, ಪಾಯಖಾನೆ, ಕಂಡಿಕೆ ಸುತ್ತಿದ ಬೆರಳು, ಕಟ್ಟೆ, ಕರು. ಹಗ್ಗದವರೆಗೆ ಬಂದಾಗ ಮೈಕು ಬಂದ್ ಆಯಿತು. ಯಾರೋ ತಂತಿ ಕಿತ್ತಿದ್ದರು. ಮೈಕಿಲ್ಲದೆ ಓದಿದೆ. ಕುರುಬರ ಗಂಟಲು, ಬಯಲಿನಾಚೆಯ ಕುರಿಗೂ ಕೇಳುತ್ತದೆ.

ಮೊದಲ ಸಾಲಿನ ದೊಡ್ಡವರು ಮುಖ ತಿರುಗಿಸಿದರು. ಹಿಂದಿನ ಸಾಲುಗಳಲ್ಲಿ ಹಾಸ್ಟೆಲಿನ ಹುಡುಗಿಯರು ಅಲುಗಾಡದೆ ಕುಳಿತಿದ್ದರು. ಸಮಿತಿಯವರು ಗಡಿಬಿಡಿಯಲ್ಲಿ ಶಾಲು ತಂದರು. ಇನಾಮದಾರ ಅದನ್ನು ಬಿಡಿಸಿ ಹಿಡಿದು ಅವಳ ಹೆಗಲಿನತ್ತ ಬಂದ. ನೇತ್ರಾ ಕೈ ಅಡ್ಡ ಹಿಡಿದಳು. ಎದ್ದು ಮುಂದೆ ಬಂದಳು.

"ನನ್ನ ಮುಂದ ನಡದಿರೋ ಒಂದ ಕೇಸಿನ ಸಲುವಾಗಿ ಇವತ್ತ ಮುಂಜಾನಿ ನನ್ನ ತಾಯಿನ್ನ ಕರಿಸ್ಯಾರ," ಎಂದಳು. "ಯಾರ ಅನ್ನೂದನ್ನ ಕೋರ್ಟಿನಾಗ ಬರೀತೇನಿ. ಈ ಶಾಲು ನನಗ ಬ್ಯಾಡ."

ಇಳಿದಳು. ಹೊರಗೆ ಹುಣಸೆ ಮರದ ನೆರಳಲ್ಲಿ ಹಾಸ್ಟೆಲಿನ ಹುಡುಗಿಯರೊಡನೆ ನೆಲದ ಮೇಲೆ ಕುಳಿತು ಮಾತಾಡಿದಳು. ಯಾವ ಪುಸ್ತಕ ಓದಬೇಕು, ಪರೀಕ್ಷೆಗೆ ಅರ್ಜಿ ಹಾಕುವುದು ಹೇಗೆ, ವಾರ್ಡನ್ ಬೇಳೆ ಕದ್ದರೆ ಯಾರಿಗೆ ದೂರು ಕೊಡಬೇಕು. ಒಳಗೆ ಊಟ ಶುರುವಾಗಿತ್ತು. ಸನ್ಮಾನ ಇಲ್ಲದಿದ್ದರೂ ಸಮಿತಿಯವರು ಊಟ ಬಿಡಲಿಲ್ಲ.

ಅವಳು ನಡೆದದ್ದನ್ನು ಕೇಸಿನ ಆದೇಶದಲ್ಲಿ ಹೆಸರು ಸಹಿತ ಬರೆದಳು. ಹೈಕೋರ್ಟಿಗೆ ವರದಿ ಕಳಿಸಿದಳು. ನನ್ನ ಹೇಳಿಕೆ ಬೇಕಾಯಿತು, ಕೊಟ್ಟೆ. ಮರುದಿನ ನನ್ನ ಮೇಜು ಬೇವಿನ ಮರದ ಕೆಳಗಿಂದ ಸೈಕಲ್ ಸ್ಟ್ಯಾಂಡಿನ ಮೋರಿಯ ಬಳಿ ಹೋಗಿ ಬಿದ್ದಿತ್ತು. ತೊಳೆದು ಅಲ್ಲೇ ಹಾಕಿಕೊಂಡು ಕುಳಿತೆ. ಈಗಲೂ ಅಲ್ಲೇ ಇದ್ದೇನೆ. ವಾಸನೆಗೆ ಕಕ್ಷಿದಾರರು ಒಗ್ಗಿದ್ದಾರೆ.

ಇನಾಮದಾರ ಸೋಲಲಿಲ್ಲ. ಅಳಿಯನ ಪರವಾಗಿ ತಾನೇ ವಕಾಲತ್ತು ಹಾಕಿದ. ಹಳೆಯ ಗುರು ಎದುರಿಗೆ ನಿಂತರೆ ಆ ನ್ಯಾಯಾಧೀಶೆ ಕೇಸು ನಡೆಸಬಾರದು, ಬಿಡಬೇಕು ಎಂದು ಹೈಕೋರ್ಟಿಗೂ ಹೋದ. ಕೇಸು ಅಲ್ಲೇ ನಡೆಯಲಿ ಎಂದು ಹೈಕೋರ್ಟು ಹೇಳಿತು. ಕೆಂಪವ್ವನ ಸಾಕ್ಷಿಯ ದಿನ ನಾನು ಬಸ್ಸು ಹತ್ತಿ ಆ ಊರಿಗೆ ಹೋದೆ. ನೋಡಲೇಬೇಕು ಎನ್ನಿಸಿತ್ತು.

ಇನಾಮದಾರ ಎದ್ದು ನಿಂತು ಮತ್ತೆ ಅದೇ ರಾಗ ತೆಗೆದ. ಗುರು, ಶಿಷ್ಯೆ, ಸಂಪ್ರದಾಯ. ನೇತ್ರಾ ಕೇಳಿಸಿಕೊಂಡಳು.

"ನೀವು ಬಂದದ್ದು ನಾ ಎದ್ದು ಹೋಗಲಿ ಅಂತ. ನಾ ಹೋಗೂದಿಲ್ಲ," ಎಂದಳು. "ವಕಾಲತ್ತು ಹಾಕೀರಿ, ಪಾಟೀಸವಾಲು ಮಾಡ್ರಿ. ಇಲ್ಲಾಂದ್ರ ಕುಂದರ್ರಿ."

ಕೆಂಪವ್ವ ಸಾಕ್ಷಿಯ ಕಟಕಟೆಯಲ್ಲಿ ನಿಂತಿದ್ದಳು. ಸಣ್ಣ ಜೀವ. ಬಲಗೈ ಮೊಣಕೈಯಲ್ಲಿ ಸೊಟ್ಟಗಾಗಿ ಎದೆಗೆ ಅಂಟಿಕೊಂಡಿತ್ತು. ಸರಕಾರಿ ವಕೀಲರು ಕೇಳಿದ್ದಕ್ಕೆ ನಡೆದದ್ದನ್ನೆಲ್ಲ ಹೇಳಿ ಮುಗಿಸಿದ್ದಳು. ಈಗ ಇನಾಮದಾರನ ಸರದಿ. ಅವನು ಕೋಟು ಎಳೆದುಕೊಂಡು ಅವಳ ಹತ್ತಿರ ಹೋದ.

"ಏ, ಏನ ನಿನ್ನ ಹೆಸರು?" ಎಂದ.

ನೇತ್ರಾ ತಡೆದಳು. ಸಾಕ್ಷಿಗೆ ಗೌರವ ಕೊಟ್ಟು ಕೇಳಿ ಎಂದಳು. ಅವನು ತಲೆ ಬಾಗಿಸಿದ. ಆಗಲಿ ಎಂದ. ಮತ್ತೆ ಹೊರಳಿ ಅದನ್ನೇ ಕೇಳಿದ. ಈ ಸಲ 'ಏ' ಇರಲಿಲ್ಲ, 'ನಿನ್ನ' ಇತ್ತು. ನೇತ್ರಾ ಪೆನ್ನು ಕೆಳಗಿಟ್ಟಳು. ಜವಾನನಿಗೆ ಹೇಳಿ ಕೆಂಪವ್ವನಿಗೆ ಒಂದು ಕುರ್ಚಿ ಹಾಕಿಸಿದಳು. ಕೆಂಪವ್ವ ಕುಳಿತುಕೊಳ್ಳಲು ಹೆದರಿದಳು. ಜವಾನ ಎರಡು ಸಲ ಹೇಳಿದ ಮೇಲೆ ಕುಳಿತಳು. ಈಗ ಅವಳು ಕುಳಿತಿದ್ದಳು, ಇನಾಮದಾರ ನಿಂತಿದ್ದ.

ಅವನು ಇಂಗ್ಲಿಷಿನಲ್ಲಿ ಕೇಳಲು ಶುರು ಮಾಡಿದ. ಕೋರ್ಟಿನಲ್ಲಿದ್ದವರಿಗೆಲ್ಲ ಅರ್ಥವಾಯಿತು. ಆ ಭಾಷೆಯಲ್ಲಿ ದೊರೆಗೂ ಆಳಿಗೂ ಒಂದೇ 'ಯೂ'. ಅದರ ಹಿಂದೆ ಅಡಗಿದರೆ ಅವನ ಬಾಯಿ ಕೆಡುವುದಿಲ್ಲ.

"ಸಾಕ್ಷಿಗೆ ತಿಳಿಯೋ ಭಾಷೆದಾಗ ಕೇಳ್ರಿ," ಎಂದಳು ನೇತ್ರಾ.

ಹೆಣ್ಣುಮಗಳೊಬ್ಬಳಿಗೆ, ಅದೂ ಅಂಥ ಓಣಿಯವಳಿಗೆ, ಅವನ ವಂಶದಲ್ಲಿ ಯಾರೂ ಆಡದ ಒಂದು ಅಕ್ಷರ ಅವನ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಕಿವಿ ಕೆಂಪಾದವು. ಅಳಿಯ ಆರೋಪಿಯ ಜಾಗದಿಂದ ಮಾವನನ್ನೇ ನೋಡುತ್ತಿದ್ದ. ಇನಾಮದಾರ ಕೆಮ್ಮಿದ. ನೀರು ಕುಡಿದ. ಕಾಗದ ನೋಡಿದ. ಕಾಗದದಲ್ಲಿ ಅದು ಇರಲಿಲ್ಲ.

"ನಿಮ್ಮ ಹೆಸರೇನ್ರಿ?" ಎಂದ ಕೊನೆಗೆ.

ಕೆಂಪವ್ವ ಹಿಂದೆ ತಿರುಗಿ ನೋಡಿದಳು. ಬೇರೆ ಯಾರನ್ನೋ ಕೇಳುತ್ತಿದ್ದಾನೆ ಎಂದುಕೊಂಡಿದ್ದಳು. ಹಿಂದೆ ಗೋಡೆ ಇತ್ತು. ಅವಳು ನ್ಯಾಯಾಧೀಶೆಯ ಕಡೆ ನೋಡಿದಳು. ನಿಮ್ಮನ್ನೇ ಕೇಳುತ್ತಿದ್ದಾರೆ ಎಂದು ನೇತ್ರಾ ಹೇಳಿದಳು. ಆಗ ಕೆಂಪವ್ವ ತನ್ನ ಹೆಸರು ಹೇಳಿದಳು, ತಂದೆಯ ಹೆಸರು ಸೇರಿಸಿ, ಊರಿನ ಹೆಸರು ಸೇರಿಸಿ.

ಆಮೇಲಿನ ಪಾಟೀಸವಾಲು ಅವನಿಂದ ಆಗಲಿಲ್ಲ. ಪ್ರತಿ ಪ್ರಶ್ನೆಯ ತುದಿಗೆ ಆ 'ರಿ' ಸೇರಿಸುವುದರಲ್ಲೇ ಅವನ ಬುದ್ಧಿಯೆಲ್ಲ ಖರ್ಚಾಯಿತು. ಹೆದರಿಸದೆ ಪ್ರಶ್ನೆ ಕೇಳುವುದು ಅವನು ಕಲಿತಿರಲಿಲ್ಲ. ಕೆಂಪವ್ವ ಹೇಳಿದ್ದರಲ್ಲಿ ಒಂದು ಮಾತೂ ಅಲುಗಲಿಲ್ಲ.

ತೀರ್ಪು ಬಂತು. ಅಳಿಯನಿಗೆ ಶಿಕ್ಷೆಯಾಯಿತು. ಅಪೀಲು ಹಾಕಿದ, ಜಾಮೀನು ಸಿಕ್ಕಿತು, ಗಿರಣಿ ನಡೆಸುತ್ತಿದ್ದಾನೆ. ಅಪೀಲು ಯಾವಾಗ ಮುಗಿಯುತ್ತದೆ ಎಂದು ಕೇಳಬೇಡಿ, ನಾನೂ ವಕೀಲ. ನ್ಯಾಯಾಂಗ ನಿಂದನೆಗಾಗಿ ಇನಾಮದಾರ ಹೈಕೋರ್ಟಿಗೆ ಬೇಷರತ್ ಕ್ಷಮೆ ಬರೆದುಕೊಟ್ಟ. ಹೈಕೋರ್ಟು ಛೀಮಾರಿ ಹಾಕಿ ಕೈಬಿಟ್ಟಿತು. ಕ್ಷಮೆ ಕೋರ್ಟಿಗೆ ಕೇಳಿದ್ದು. ಮಾದೇವಿಗಲ್ಲ, ಕೆಂಪವ್ವನಿಗಲ್ಲ. ನೇತ್ರಾಳಿಗೆ ಅದೇ ವರ್ಷ ವರ್ಗವಾಯಿತು. ಬ್ಯಾನರನ್ನು ಯಾರೋ ತೆಗೆದು ಗೊಬ್ಬರದ ಚೀಲಗಳ ಮೇಲೆ ಹೊದಿಸಿದ್ದಾರೆ.

ತೀರ್ಪಿನ ಸುದ್ದಿ ಹೇಳಲು ನಾನು ಮಾದೇವಿಯ ಓಣಿಗೆ ಹೋದೆ. ಅವಳು ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಶೈಲಾ ನೀರು ಕೊಟ್ಟು ಹೊಸ್ತಿಲಲ್ಲಿ ಕುಳಿತಳು. ಎಲ್ಲ ಹೇಳಿದೆ. ಕುರ್ಚಿ ಹಾಕಿಸಿದ್ದು, ಇನಾಮದಾರ ತಡವರಿಸಿದ್ದು, ಕೆಂಪವ್ವ ಹಿಂದೆ ತಿರುಗಿ ನೋಡಿದ್ದು. ಶೈಲಾ ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡಳು. ಮಾದೇವಿ ಹಿಟ್ಟು ನಾದುತ್ತಲೇ ಇದ್ದಳು. ಅಂಗೈಯಲ್ಲಿ ತಟ್ಟಿ, ತಿರುಗಿಸಿ, ತಟ್ಟಿ, ಹಂಚಿನ ಮೇಲೆ ಹಾಕಿದಳು.

"ಯಾ ಕೈ ಮುರದಿತ್ತು ಆಕಿದು?" ಎಂದು ಕೇಳಿದಳು.

ಬಲಗೈ ಎಂದೆ. ನೆಟ್ಟಗಾಯಿತೇ ಎಂದಳು. ಇಲ್ಲ, ಎದೆಗೆ ಅಂಟಿಕೊಂಡಿದೆ, ಹಾಗೇ ಇರುತ್ತದೆ ಎಂದು ಡಾಕ್ಟರು ಸಾಕ್ಷಿ ಹೇಳಿದ್ದಾರೆ ಎಂದೆ.

ಮಾದೇವಿಯ ಕೈ ನಿಂತಿತು.

"ಮತ್ತ ರೊಟ್ಟಿ ಹೆಂಗ ಬಡೀತಾಳ?"

ಅದನ್ನು ಕೋರ್ಟಿನಲ್ಲಿ ಯಾರೂ ಕೇಳಿರಲಿಲ್ಲ. ನೇತ್ರಾಳೂ ಕೇಳಿರಲಿಲ್ಲ.